ಅಲುಗಾಡದ ದಿಂಬು

೯ ಸೆಪ್ಟೆಂಬರ್ ೨೦೧೮
ಗಣಿಯ ವಸತಿಗೃಹ, ಕೋಣೆ ಹದಿನಾಲ್ಕು

ಅಮ್ಮಾ,

ಆಗಸ್ಟ್‌ನಲ್ಲಿ ನೀನು ಫೋನ್ ಕುಕ್ಕಿದ ಮೇಲೆ ನಾನು ಆರು ಸಲ ಕರೆ ಮಾಡಿದೆ. ನೀನು ಎತ್ತಲಿಲ್ಲ. "ಆ ಗಣಿ ಬಟ್ಟೆ ಹಾಕ್ಕೊಂಡು ನನ್ ಬಾಗಿಲಿಗೆ ಬರ್ಬೇಡ, ಆ ಕೆಲಸದ್ ಸುದ್ದಿ ನನ್ ಕಿವಿಗೆ ಹಾಕ್ಬೇಡ" ಎಂದಿದ್ದೆ. ಸರಿ, ಕಿವಿಗೆ ಹಾಕುವುದಿಲ್ಲ, ಕಣ್ಣಿಗೆ ಹಾಕುತ್ತೇನೆ. ಅದಕ್ಕೇ ಈ ಕಾಗದ.

ಕಳೆದ ಸೋಮವಾರದಿಂದ ಗಣಿಗೆ ಇಳಿಯುತ್ತಿದ್ದೇನೆ. ಇದು ನಮ್ಮೂರಿನ ಪಾದರಸದ ಗಣಿಯ ಹಾಗಲ್ಲ. ಕಲ್ಲಿದ್ದಲು, ಅಗಲವಾದ ದಾರಿಗಳು, ಉದ್ದಕ್ಕೂ ದೀಪ. ನನ್ನ ಕೆಲಸ ಗಾಳಿಯದು. ಯಾವ ದಾರಿಯಲ್ಲಿ ಎಷ್ಟು ಒಳ್ಳೆಯ ಗಾಳಿ ಒಳಗೆ ಹೋಗುತ್ತಿದೆ, ಎಷ್ಟು ಕೆಟ್ಟದ್ದು ಹೊರಗೆ ಬರುತ್ತಿದೆ ಎಂದು ಅಳೆಯುವುದು, ಅಳತೆ ಮೀರಿದರೆ ಎಲ್ಲರನ್ನೂ ಹೊರಗೆ ಕಳಿಸುವುದು. ನಲವತ್ತು ಜನರ ತರಗತಿಯಲ್ಲಿ ನಾವು ಮೂವರು ಹುಡುಗಿಯರು ಓದಿದ್ದು ಇದನ್ನೇ. ನೀನು ಅದನ್ನು ಮ್ಯೂಸಿಯಂನಲ್ಲಿ ಕಲ್ಲು ಜೋಡಿಸುವ ಓದು ಅಂದುಕೊಂಡಿದ್ದೆ. ನಾನೂ ತಿದ್ದಲಿಲ್ಲ, ಆ ತಪ್ಪು ನನ್ನದು.

ಮೊದಲ ದಿನ ಗಣಿಗೆ ಇಳಿಸುವ ಲಿಫ್ಟಿನ ತೊಟ್ಟಿಲಿನಲ್ಲಿ ಇಳಿಯುವ ಮುಂಚೆ ಹಿರಿಯ ಮೇಸ್ತ್ರಿ ಲೋಯ್ಜ್ ನನ್ನ ಹೆಲ್ಮೆಟ್ಟಿನ ಪಟ್ಟಿ ನೋಡಿ ಕೇಳಿದ, "ಏನಮ್ಮಾ ಇಂಜಿನಿಯರಮ್ಮ, ಬೆಳಿಗ್ಗೆ ಮನೇಲಿ ನಿಂಗೆ ಸ್ರೆಚ್ನೋ ಅಂದಿದ್ದು ಯಾರು?"

"ಯಾರೂ ಇಲ್ಲ."

"ಅಯ್ಯೋ. ಹಾಗಾದ್ರೆ ನಾನೇ ಅಂತೀನಿ ತಗೋ. ಆದ್ರೆ ನಂದು ಲೆಕ್ಕಕ್ಕಿಲ್ಲ. ನಾನೂ ಕೆಳಗೆ ಬರೋನೇ ತಾನೆ? ಮೇಲೆ ಉಳಿಯೋರು ಅನ್ಬೇಕು, ಇಳಿಯೋರಿಗೆ."

ಊರವರ ಬಾಯಲ್ಲಿ ಅದು ಬರೀ ಶುಭವಾಗಲಿ ಎಂಬ ಮಾತು. ಗಣಿಯವರ ಮನೆಗಳಲ್ಲಿ ಅದರ ಅರ್ಥ, ತಿರುಗಿ ಮೇಲೆ ಬಾ ಎಂದು. ನೀನು ಅಪ್ಪನಿಗೆ ಪ್ರತಿ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಅನ್ನುತ್ತಿದ್ದೆ. ನಾನು ಹಾಸಿಗೆಯಲ್ಲಿ ಮಲಗಿದ್ದೇ ಕೇಳಿಸಿಕೊಳ್ಳುತ್ತಿದ್ದೆ.

ಅಮ್ಮಾ, ನನಗೆ ಹೆದರಿಕೆಯಾಗುತ್ತದೆ. ಲೋಯ್ಜ್‌ಗೆ ಹೇಳುವಂತಿಲ್ಲ, ನಿನಗೆ ಹೇಳಬಹುದು. ಒಂದೇ ಒಂದು ಸಲ ಆ ಪದ ಬರೆದು ಕಳಿಸು. ಚೀಟಿ ಮಡಿಸಿ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ಹಟಮಾರಿ ಎಂದು ನೀನು ಬೈಯುವ
ಬ್ರಿನಾ


೨೩ ಸೆಪ್ಟೆಂಬರ್
ಮನೆ

ಬ್ರಿನಾ,

ನಿನ್ನ ಕಾಗದವನ್ನು ಮೂರು ದಿನ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೆ. ಒಡೆಯುವ ಧೈರ್ಯ ಬರಲಿಲ್ಲ. ಗಣಿಯಿಂದ ಬಂದ ಕಾಗದ ಒಳ್ಳೆಯ ಸುದ್ದಿ ತಂದದ್ದನ್ನು ಈ ಬೀದಿಯಲ್ಲಿ ನಾನು ಕಂಡಿಲ್ಲ.

ಆ ಪದ ಹೇಳುವುದಿಲ್ಲ. ಇಪ್ಪತ್ತಮೂರು ವರ್ಷ ಹೇಳಿದೆ, ನಮ್ಮ ಗಣಿ ಮುಚ್ಚಿದ ದಿನ ನಿಲ್ಲಿಸಿದೆ. ಈಗ ನಿನಗೆ ಹೇಳಿದರೆ ನೀನು ಇಳಿಯುವುದಕ್ಕೆ ಒಪ್ಪಿದ ಹಾಗೆ. ನಾನು ಒಪ್ಪಿಲ್ಲ.

ನಾನು ಆರು ವರ್ಷದವಳಿದ್ದಾಗ ಊಟದ ಗಂಟೆಯಾದ ಮೇಲೆ ಶಾಲೆಯ ಅಂಗಳದಲ್ಲಿ ಎರಡು ಸಾಲು ನಿಲ್ಲಿಸುತ್ತಿದ್ದರು. ಹುಡುಗಿಯರ ಸಾಲು ನೂಲಿನ ಲೇಸು ಹೆಣೆಯುವ ಶಾಲೆಗೆ, ಹುಡುಗರ ಸಾಲು ಗಣಿಯ ಕಾರ್ಯಾಗಾರಕ್ಕೆ ಕಬ್ಬಿಣ ಉಜ್ಜುವುದಕ್ಕೆ. ಯಾವ ಸಾಲಿಗೆ ಹೋಗುತ್ತೀಯ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನಾನು ಆ ಸಾಲನ್ನು ಬೈದುಕೊಂಡದ್ದುಂಟು. ಆದರೆ ನನ್ನ ಸಾಲಿನವರು ಇನ್ನೂ ಬದುಕಿದ್ದೇವೆ, ಲೆಕ್ಕ ಹಾಕಿ ನೋಡು. ಅದಕ್ಕೇ ನಿನ್ನನ್ನೂ ಆರನೆಯ ವರ್ಷಕ್ಕೆ ಗುಂಡುಸೂಜಿ ಚುಚ್ಚಿ ಲೇಸು ಹೆಣೆಯುವ ದಿಂಬಿನ ಮುಂದೆ ಕೂರಿಸಿದ್ದು. ನೂಲು ಯಾರನ್ನೂ ಕೊಂದಿಲ್ಲ.

ನಿನ್ನ ಅಪ್ಪ ಯೆರ್ನೆಯ್‌ನ ಹೆಸರು ಬರೆಯುವ ಪರೀಕ್ಷೆ ನೆನಪಿದೆಯೇ? ಮೂರು ತಿಂಗಳಿಗೊಮ್ಮೆ ಗಣಿಯ ಡಾಕ್ಟರು ಗೆರೆ ಎಳೆದ ಹಾಳೆ ಕೊಟ್ಟು ಹೆಸರು ಬರೆಸುತ್ತಿದ್ದರು. ಅಕ್ಷರದ ಬಾಲ ನಡುಗಿ ಗೆರೆ ದಾಟಿತೆಂದರೆ ಪಾದರಸ ಮೈಗೆ ಇಳಿದಿದೆ ಎಂದು ಲೆಕ್ಕ. ಗಣಿಯಿಂದ ತೆಗೆದು ಮೂರು ತಿಂಗಳು ಕಾಡಿನ ಕೆಲಸಕ್ಕೆ ಹಾಕುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ಅವನು ಅಡುಗೆಮನೆಯ ಮೇಜಿಗೆ ಕೂತು ಪುಟಗಟ್ಟಲೆ ತನ್ನ ಹೆಸರು ಬರೆಯುತ್ತಿದ್ದ. ನಾನು ಮಣಿಕಟ್ಟು ಹಿಡಿದಿರುತ್ತಿದ್ದೆ. "ಪಾವ್ಲಾ, ನಾಳೆ ಒಂದಿನ ನಿನ್ ಕೈ ಕೊಡೇ, ವಾಪಸ್ ತಂದ್ಕೊಡ್ತೀನಿ" ಅನ್ನುತ್ತಿದ್ದ. ನಗುತ್ತಲೇ ಅನ್ನುತ್ತಿದ್ದ. ಆ ಮೇಜಿನ ಮುಂದೆ ಇನ್ನೊಬ್ಬರ ಮಣಿಕಟ್ಟು ಹಿಡಿಯುವ ಶಕ್ತಿ ನನಗಿಲ್ಲ.

ನಾನು ಚೆನ್ನಾಗಿದ್ದೇನೆ. ಬೆಳಗಿನಿಂದ ಕತ್ತಲಾಗುವವರೆಗೆ ನಿನ್ನ ಅಪ್ಪ ಮಾಡಿಕೊಟ್ಟ ದಿಂಬಿನ ಮುಂದೆ ಕೂತಿರುತ್ತೇನೆ. ಚರ್ಚಿಗೆ ಒಂದು ಲೇಸಿನ ಮೇಜುಹಾಸು ಹೆಣೆಯುತ್ತಿದ್ದೇನೆ. ಉಂಗುರ ಬೆರಳಿಗೆ ಬಿಗಿಯಾಗಿತ್ತೆಂದು ತೆಗೆದಿಟ್ಟಿದ್ದೇನೆ. ಪೆನ್ನು ಸರಿಯಿಲ್ಲ, ಓದಲು ಕಷ್ಟವಾದರೆ ಬೈಯಬೇಡ.

ಇನ್ನೊಂದು ಮಾತು. ಪಕ್ಕದ ಮನೆಯ ಸಿಲ್ಕಾಗೆ ನೀನು ಗಾಳಿ ಇಲಾಖೆಯಲ್ಲಿದ್ದೀ ಎಂದಿದ್ದೇನೆ. ಅವಳು ನಿನ್ನನ್ನು ಹವಾಮಾನ ಹೇಳುವವಳು ಅಂದುಕೊಂಡು ಗುರುವಾರ ಕಂಬಳಿ ಒಗೆಯಬಹುದೇ ಎಂದು ಕೇಳಿದ್ದಾಳೆ. ಏನಾದರೂ ಬರೆದು ಕಳಿಸು, ನನ್ನ ಮಾನ ಉಳಿಯಲಿ.

ನಿನ್ನ ದಾರಿ ಕಾಯದೆ ಕಾಯುತ್ತಿರುವ
ಅಮ್ಮ


೭ ಅಕ್ಟೋಬರ್
ಕೋಣೆ ಹದಿನಾಲ್ಕು

ಅಮ್ಮಾ,

ಸಿಲ್ಕಾಗೆ ಹೇಳು, ಗುರುವಾರ ಒಗೆಯಬಹುದು.

ಹೊಸ ಪೆನ್ನು ಇದರ ಜೊತೆ ಇದೆ. ನಿನ್ನ ಕಾಗದವನ್ನು ಎರಡು ಸಲ ಓದಿದೆ, ಮೂರನೆಯ ಸಲ ಅಕ್ಷರಗಳನ್ನೇ ನೋಡಿದೆ. ಆ ಸೊಟ್ಟ ಪೆನ್ನಿನದೇ ಇರಬೇಕು.

ಇಲ್ಲಿ ನಾವು ನಾಲ್ವರು ಹೆಂಗಸರು ಇಳಿಯುತ್ತೇವೆ. ಸ್ನಾನದ ಮನೆಗೆ ಇನ್ನೂ ಬಾಗಿಲಿಲ್ಲ. ಒಂದು ಹಲಗೆ ನೇತುಹಾಕಿದ್ದಾರೆ, 'ಹೆಂಗಸರು' ಎಂಬ ಕಡೆ ತಿರುಗಿಸಿದರೆ ಗಂಡಸರು ಹೊರಗೆ ನಿಲ್ಲಬೇಕು. ಲೋಯ್ಜ್ ಅದನ್ನು ಕಂಡಾಗಲೆಲ್ಲ "ನನ್ನಜ್ಜಿ ಇಲ್ಲೇ ಮೇಲ್ಗಡೆ ಕಲ್ಲಿದ್ದಲು ಆರಿಸ್ತಿದ್ಲು. ಹೆಣ್ಣು ಕಾಲಿಟ್ರೆ ಗಣಿ ಕುಸಿಯತ್ತೆ ಅಂತ ಬಾಯಿ ಹತ್ರಕ್ಕೂ ಬಿಡ್ತಿರ್ಲಿಲ್ಲ. ಈಗ ನೋಡು, ನಿಮ್ ಸ್ನಾನ ಆಗೋವರೆಗೂ ನಾವು ಚಳೀಲಿ ನಡುಗ್ಬೇಕು" ಅನ್ನುತ್ತಾನೆ. ಅಂದರೂ ಹಲಗೆ ತಿರುಗಿದೆಯೇ ಎಂದು ದಿನಾ ಅವನೇ ನೋಡಿಕೊಳ್ಳುತ್ತಾನೆ.

ನೀನು ಕಲಿಸಿದ್ದು ಇಲ್ಲಿ ವ್ಯರ್ಥವಾಗಿಲ್ಲ. ಗಾಳಿದಾರಿಗಳ ನಕ್ಷೆಯನ್ನು ಮೊದಲ ವಾರ ಯಾರೂ ನನಗೆ ವಿವರಿಸಬೇಕಾಗಲಿಲ್ಲ. ಒಳಹೋಗುವ ದಾರಿ ಹೊರಬರುವ ದಾರಿಯನ್ನು ಎಲ್ಲಿ ದಾಟುತ್ತದೆ, ಎಲ್ಲಿ ಜೊತೆಯಾಗುತ್ತದೆ ಎಂದು ಬೆರಳಿನಲ್ಲೇ ಓದಿದೆ. ದಿಂಬಿಗೆ ಚುಚ್ಚಿದ ಲೇಸಿನ ಮಾದರಿಯನ್ನು ಓದಿದ ಹಾಗೆ.

ಮುಚ್ಚಿಡುವುದಿಲ್ಲ, ಹೇಳುತ್ತೇನೆ. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಒಂದು ದಾರಿಯ ಕೊನೆಯಲ್ಲಿ ನನ್ನ ಯಂತ್ರದ ಅಂಕಿ ಏರಿತು. ವಾಸನೆಯಿಲ್ಲ, ಬಣ್ಣವಿಲ್ಲ. ಹದಿನೈದು ಜನ ಕೆಲಸ ಮಾಡುತ್ತಿದ್ದರು. "ಎಲ್ಲ ಬಿಟ್ಟು ಹೊರಡಿ" ಎಂದೆ. ಒಬ್ಬ "ಏನೂ ಆಗಿಲ್ವಲ್ಲಮ್ಮ, ಹೊಸಬರು ಸುಮ್ನೆ ಹೆದರ್ತಾರೆ" ಅಂದ. ಲೋಯ್ಜ್ ಅವನ ಕಾಲರ್ ಹಿಡಿದು ಎಳೆದುಕೊಂಡು ನಡೆದ. ಹೊರಗೆ ಬಂದ ಇಪ್ಪತ್ತು ನಿಮಿಷಕ್ಕೆ ಅಲ್ಲಿನ ಗಾಳಿ ಪೂರ್ತಿ ಕೆಟ್ಟಿತು. ಕಣ್ಣಿಗೆ ಕಾಣದ್ದರ ಹೆದರಿಕೆ ಏನೆಂದು ಆವತ್ತು ಗೊತ್ತಾಯಿತು. ಸಂಜೆಯವರೆಗೆ ನನಗೆ ನೀರಿನ ಲೋಟ ಹಿಡಿಯಲು ಆಗಲಿಲ್ಲ.

ಆ ಪದ ಇನ್ನೂ ಬಂದಿಲ್ಲ.

ಬ್ರಿನಾ


೧೮ ಅಕ್ಟೋಬರ್
ಮನೆ

ಬ್ರಿನಾ,

ಬೆರಳಿಗೆ ಗುಂಡುಸೂಜಿ ಚುಚ್ಚಿದೆ. ಅದಕ್ಕೇ ನಾನು ಹೇಳುತ್ತಿದ್ದೇನೆ, ಸಿಲ್ಕಾ ಬರೆಯುತ್ತಿದ್ದಾಳೆ.

(ಸಿಲ್ಕಾ ಬರೆಯುತ್ತಿರುವುದು ಸರಿ. ಬರೆಯಲು ಕೂರುವ ಮುಂಚೆ ನಿನ್ನ ಕಾಗದವನ್ನೂ ಓದಿದೆ. ಹವಾಮಾನವಂತೆ! ನನ್ನ ಕಂಬಳಿ ಮೂರು ದಿನ ಒಣಗಲಿಲ್ಲ ಕಣೇ. ನಿಮ್ಮಮ್ಮನಿಗೆ ನಾಚಿಕೆಯಿಲ್ಲ, ಇಷ್ಟು ವರ್ಷದ ನೆರೆಯವಳಿಗೆ ಸುಳ್ಳು ಹೇಳಿದಳು.)

ಅವಳು ಏನೋ ಸೇರಿಸಿ ಬರೆಯುತ್ತಿದ್ದಾಳೆ, ಗಮನ ಕೊಡಬೇಡ. ಹದಿನೈದು ಜನರ ವಿಷಯ ಓದಿದೆ. ಬಿಟ್ಟು ಬಾ. ಲೇಸು ಶಾಲೆಯಲ್ಲಿ ಕಲಿಸುವವರ ಒಂದು ಜಾಗ ಖಾಲಿಯಿದೆ. ವಸಂತದಲ್ಲಿ ನಾನೇ ಬಿಟ್ಟ ಜಾಗ. ಕಣ್ಣು ಮಂಜಾಯಿತು ಎಂದು ಬಿಟ್ಟೆ, ನಿನಗೆ ಹೇಳಿರಲಿಲ್ಲ. ಹನ್ನೆರಡು ಮಕ್ಕಳಿದ್ದಾರೆ, ಮೂವರು ಗಂಡುಮಕ್ಕಳು. ಈಗ ಸಾಲು ನಿಲ್ಲಿಸುವುದಿಲ್ಲ, ಬೇಕಾದವರು ಬರುತ್ತಾರೆ. ಬೆಚ್ಚಗಿನ ಕೋಣೆ, ಕಿಟಕಿಯಿಂದ ಬೆಳಕು. ಅಲ್ಲಿ ಯಾವುದೂ ಯಾರ ತಲೆಯ ಮೇಲೂ ಬೀಳುವುದಿಲ್ಲ.

ಅಕ್ರೋಟಿನ ಸಿಹಿರೊಟ್ಟಿ, ಪೊತಿತ್ಸಾ ಕಳಿಸಬೇಕೆಂದಿದ್ದೆ. ಹಿಟ್ಟು ನಾದಲು ಆಗಲಿಲ್ಲ, ಬೆರಳಿನಿಂದಾಗಿ.

ಅಮ್ಮ

[ಲಕೋಟೆಯ ಒಳಬದಿಯಲ್ಲಿ, ಪೆನ್ಸಿಲಿನಲ್ಲಿ]
ಬ್ರಿನಾ, ಇದು ಅವಳಿಗೆ ಗೊತ್ತಿಲ್ಲದೆ ಬರೆದದ್ದು. ಬೆರಳಿಗೆ ಸೂಜಿ ಚುಚ್ಚಿಲ್ಲ. ಕೈ ನಡುಗುತ್ತದೆ, ನಿಮ್ಮಪ್ಪನ ಕೈ ನಡುಗುತ್ತಿದ್ದ ಹಾಗೇ. ಚಮಚ ತಟ್ಟೆಗೆ ಬಡಿಯುವುದು ಗೋಡೆಯಾಚೆ ನನ್ನ ಮನೆಗೆ ಕೇಳಿಸುತ್ತದೆ. ಉಂಗುರ ಬಿಗಿಯಾಗಿತ್ತು ಎಂದಳಲ್ಲ, ಅದೂ ಸುಳ್ಳು. ಅದು ಬೆಳ್ಳಗಾಗಿದೆ. ಚಿನ್ನದ ಉಂಗುರ, ಬೆಳ್ಳಿಯ ಹಾಗೆ. ನನಗೆ ಭಯವಾಗುತ್ತಿದೆ ಕಣೇ.


೨೪ ಅಕ್ಟೋಬರ್
ಕೋಣೆ ಹದಿನಾಲ್ಕು

ಅಮ್ಮಾ,

ಸುತ್ತಿಬಳಸಿ ಬರೆಯಲು ನನಗೆ ಬರುವುದಿಲ್ಲ. ಚಿನ್ನ ಬೆಳ್ಳಗಾಗುವುದು ನಮ್ಮೂರಿನ ಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ. ಅಪ್ಪ ಇಳಿಯುವ ಮುಂಚೆ ಉಂಗುರ ತೆಗೆದು ಉಪ್ಪಿನ ಮರಿಗೆಯ ಪಕ್ಕ ಇಡುತ್ತಿದ್ದ. ಪಾದರಸ ಮುಟ್ಟಿದರೆ ಹಾಗಾಗುತ್ತದೆ ಎಂದು ನೀನೇ ನನಗೆ ಹೇಳಿದ್ದೆ.

ಅಪ್ಪ ತೀರಿಕೊಂಡು ಎಂಟು ವರ್ಷ, ಗಣಿ ಮುಚ್ಚಿ ಅದಕ್ಕೂ ಹೆಚ್ಚು. ನೀನು ಒಂದು ದಿನವೂ ಇಳಿದವಳಲ್ಲ. ಮತ್ತೆ ಅದು ನಿನ್ನ ಬೆರಳಿಗೆ ಎಲ್ಲಿಂದ ಬಂತು? ವಸಂತದಲ್ಲಿ ಕೆಲಸ ಬಿಟ್ಟದ್ದು ಕಣ್ಣಿನಿಂದಲೇ?

ನಿನ್ನೆ ಇಳಿದಾಗ ಲೋಯ್ಜ್ "ಯಂತ್ರ ನೋಡಮ್ಮ, ನನ್ ಮುಖ ಅಲ್ಲ" ಎಂದು ಎರಡು ಸಲ ಎಚ್ಚರಿಸಿದ. ಇಷ್ಟು ದಿನ ನನಗಾಗಿ ನೀನು ಹೆದರಿದೆ. ಈಗ ನನ್ನ ಸರದಿ, ಅಮ್ಮಾ. ಅಡಿಯಲ್ಲಿದ್ದಾಗ ಮೇಲಿನ ಮನೆ ನೆನೆದು ಹೆದರಬೇಕಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಗೋರಿಗಳಿಗೆ ಬತ್ತಿ ಹಚ್ಚುವ ಸಂತರ ದಿನಕ್ಕೆ, ನವೆಂಬರ್ ಒಂದಕ್ಕೆ ಬರುತ್ತೇನೆ. ವಿಶ್ವವಿದ್ಯಾಲಯದ ಗೆಳತಿಯಿಂದ ಪಾದರಸದ ಆವಿ ಅಳೆಯುವ ಯಂತ್ರ ತರುತ್ತಿದ್ದೇನೆ. ಮನೆಯ ಒಂದೊಂದು ಮೂಲೆಯನ್ನೂ ಅಳೆಯುತ್ತೇನೆ. ಅಲ್ಲಿಯವರೆಗೆ ಕಿಟಕಿಗಳನ್ನು ತೆರೆದಿಡು. ಡಾಕ್ಟರ ಹತ್ತಿರ ಹೋಗು.

ಬ್ರಿನಾ


೨೭ ಅಕ್ಟೋಬರ್

ಬ್ರಿನಾ,

ಯಂತ್ರ ತರಬೇಡ. ನೀನು ಬಾ, ಮೇಣದ ಬತ್ತಿ ಹಚ್ಚು, ಊಟ ಮಾಡು, ಹೋಗು. ನನ್ನ ಮನೆಯನ್ನು ಅಳೆಯಲು ನಾನು ಯಾರನ್ನೂ ಕೇಳಿಲ್ಲ. ವಯಸ್ಸಾದವರ ಕೈ ನಡುಗುತ್ತದೆ.

ಅಮ್ಮ

(ಇಷ್ಟೇ ಬರೆಯಲು ಹೇಳಿದಳು. ಹೇಳುವಾಗ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಸಿಲ್ಕಾ.)


೬ ನವೆಂಬರ್
ಕೋಣೆ ಹದಿನಾಲ್ಕು

ಅಮ್ಮಾ,

ನೀನು ಸಿಲ್ಕಾಳ ಮನೆಯಲ್ಲೇ ಇದ್ದೀ ಎಂದು ಕೇಳಿ ಸಮಾಧಾನವಾಯಿತು. ಅಲ್ಲೇ ಇರು. ನಮ್ಮ ಮನೆಗೆ ಬಟ್ಟೆ ತರುವುದಕ್ಕೂ ಹೋಗಬೇಡ.

ಆವತ್ತು ನೀನು ಯಂತ್ರವನ್ನು ಕಂಡು "ನಾನು ಸ್ಮಶಾನದಲ್ಲಿರ್ತೀನಿ, ನಿಂಗೆ ಇಷ್ಟ ಬಂದಿದ್ದು ಮಾಡ್ಕೋ" ಎಂದು ಹೊರಟುಬಿಟ್ಟೆ. ನಾನು ಒಬ್ಬಳೇ ಏನು ಕಂಡೆ ಎಂದು ನೀನು ಕೇಳಲೂ ಇಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಡುಮಧ್ಯಾಹ್ನ. ಊರೆಲ್ಲ ಗೋರಿಗಳ ಹತ್ತಿರ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಅಪ್ಪನ ಗಣಿಬಟ್ಟೆ ಒಗೆಯುತ್ತಿದ್ದ ನೆಲಮಾಳಿಗೆಯಿಂದ ಶುರು ಮಾಡಿದೆ. ಅಲ್ಲೇ ಇರಬೇಕು ಎಂದು ನಂಬಿದ್ದೆ. ಅಂಕಿ ಸ್ವಲ್ಪ ಆಡಿತು, ಅಷ್ಟೆ. ಅಡುಗೆಮನೆಯಲ್ಲೂ ಅಷ್ಟೇ. ಮೆಟ್ಟಿಲ ಕೊನೆಯಲ್ಲಿ ಏರತೊಡಗಿತು. ನೀನು ಕೂರುವ ಕೋಣೆಯ ಹೊಸಿಲಿನಲ್ಲಿ ಮತ್ತೂ ಏರಿತು. ಕಿಟಕಿ ಪಕ್ಕದ ಕುರ್ಚಿಗೆ ಬಂದಾಗ ಅಂಕಿ ಓಡತೊಡಗಿತು, ಗಣಿಯ ಆ ಮಂಗಳವಾರದ ಹಾಗೆ. ಆವತ್ತು ಹದಿನೈದು ಜನರನ್ನು ಹೊರಗೆ ಕಳಿಸಿದ್ದೆ. ಇಲ್ಲಿ ಕಳಿಸಲು ಯಾರೂ ಇರಲಿಲ್ಲ, ನಿನ್ನ ಕನ್ನಡಕ ಮಾತ್ರ ಇತ್ತು.

ಯಂತ್ರವನ್ನು ದಿಂಬಿನ ಮೇಲೆ ಹಿಡಿದೆ. ಅದು ಕಿರುಚಿಕೊಂಡು ಅಳತೆ ಮೀರಿ ನಿಂತುಹೋಯಿತು. ಅರ್ಧ ಮುಗಿದ ಮೇಜುಹಾಸು, ನೂಲು ಸುತ್ತಿದ ಮರದ ಕಡ್ಡಿಗಳು ಜೋಡಿ ಜೋಡಿಯಾಗಿ ಮಲಗಿದ್ದವು. ನೀನು ಮೂಗು ಬಗ್ಗಿಸಿ ದಿನವಿಡೀ ಕೂರುವ ಜಾಗ.

ದಿಂಬನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ ಕಾರಿಗೆ ಇಟ್ಟೆ. ಸ್ಮಶಾನಕ್ಕೆ ಬಂದು ಹೇಳಿದೆ. ನಿನ್ನ ಕೈಯಿಂದ ಮೇಣದ ಬತ್ತಿ ಬಿತ್ತು. "ಅದನ್ನ ಬಿಚ್ಬೇಡ, ನಿನ್ ಕಾಲಿಗೆ ಬೀಳ್ತೀನಿ, ಬಿಚ್ಬೇಡ" ಎಂದೆ. ಇಪ್ಪತ್ತಾರು ವರ್ಷದಲ್ಲಿ ನೀನು ನನಗೆ ಆ ಮಾತು ಹೇಳಿದವಳಲ್ಲ.

ಬಿಚ್ಚಿದೆವು, ಅಮ್ಮಾ. ಗೆಳತಿಯ ಪ್ರಯೋಗಾಲಯದಲ್ಲಿ, ಗಾಜಿನ ಗೂಡಿನೊಳಗೆ. ಒಣಹುಲ್ಲು, ಮರದ ಹೊಟ್ಟು, ಅದರ ನಡುವೆ ಅಪ್ಪನ ನೀಲಿ ಕರವಸ್ತ್ರದಲ್ಲಿ ಸುತ್ತಿದ ಔಷಧದ ಬಾಟಲಿ. ಮುಚ್ಚಳಕ್ಕೆ ಮೇಣ. ಕುತ್ತಿಗೆಯಿಂದ ತಳದವರೆಗೆ ಸೀಳಿತ್ತು. ಹೊಟ್ಟಿನ ತುಂಬ ಪಾದರಸದ ಹನಿಗಳು.

ನಿನಗೆ ಗೊತ್ತಿತ್ತೇ?

ಬ್ರಿನಾ


೨೦ ನವೆಂಬರ್
ಸಿಲ್ಕಾಳ ಮನೆ

ಮಗಳೇ,

ಸಿಲ್ಕಾಳ ಮುಂದೆ ಎಲ್ಲ ಹೇಳಿಯಾಯಿತು. ಈಗ ಅವಳೇ ಬರೆಯುತ್ತಿದ್ದಾಳೆ. ನಡುವೆ ಏನೂ ಸೇರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ.

ಗೊತ್ತಿತ್ತು. ಬಾಟಲಿ ಇದ್ದದ್ದು ಮೊದಲ ದಿನದಿಂದ ಗೊತ್ತಿತ್ತು. ಮದುವೆಗೆ ಮುಂಚೆ ನಾನು ಯೆರ್ನೆಯ್ ಹತ್ತಿರ ಒಂದೇ ಒಂದು ಸಲ ದೂರಿದ್ದೆ. ಅಮ್ಮನ ಹಳೆಯ ದಿಂಬು ಹಗುರ, ಬುಟ್ಟಿಯೊಳಗೆ ಉರುಳುತ್ತದೆ, ನೂಲು ಸಿಕ್ಕಾಗುತ್ತದೆ ಎಂದು. "ಅಲುಗಾಡ್ದಿರೋ ದಿಂಬು ಕೊಡ್ತೀನಿ ತಾಳು" ಅಂದ. ಹನ್ನೊಂದು ತಿಂಗಳು ಬೂಟಿನ ಹಿಮ್ಮಡಿಯಲ್ಲಿ ಗಣಿಯ ಪಾದರಸವನ್ನು ತೊಟ್ಟು ತೊಟ್ಟಾಗಿ ಹೊರಗೆ ತಂದ. ಸಿಕ್ಕಿಬಿದ್ದಿದ್ದರೆ ಜೈಲು. ಅಷ್ಟು ಚಿಕ್ಕ ಬಾಟಲಿ ಅಷ್ಟು ಭಾರ. ಮದುವೆಯ ದಿನ ದಿಂಬನ್ನು ತೊಡೆಯ ಮೇಲೆ ಇಟ್ಟ, ಅದು ಕಲ್ಲಿನ ಹಾಗೆ ಕೂತಿತು. ಊರಿನಲ್ಲಿ ಯಾವ ಹೆಂಗಸಿಗೂ ಅಂಥ ದಿಂಬು ಇರಲಿಲ್ಲ. ನನ್ನ ಲೇಸು ಅಷ್ಟು ಸಮವಾಗಿ ಬರುವುದು ಹೇಗೆ ಎಂದು ಎಲ್ಲರೂ ಕೇಳಿದರು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅವನು ಕಳ್ಳ.

ಹಿಂದಿನ ವರ್ಷದ ಚಳಿಗಾಲದಲ್ಲಿ ಮೆಟ್ಟಿಲಲ್ಲಿ ಜಾರಿದೆ. ದಿಂಬು ಕೆಳಗಿನವರೆಗೂ ಉರುಳಿತು. ಬಟ್ಟೆ ಹರಿದಿಲ್ಲವಲ್ಲ ಎಂದು ಸಂತೋಷಪಟ್ಟೆ. ಕೆಲವು ತಿಂಗಳ ಮೇಲೆ ಲೇಸಿನ ಮೇಲೆ ಏನೋ ಹೊಳೆಯಿತು. ಗುಂಡುಸೂಜಿಯ ತಲೆ ಅಂದುಕೊಂಡು ಒರೆಸಿದೆ. ಅದು ಬೆರಳಿಗೆ ಸಿಗದೆ ಓಡಿತು.

ಗಣಿಗಾರನ ಮಗಳು, ಗಣಿಗಾರನ ಹೆಂಡತಿ. ಉಂಗುರ ಬೆಳ್ಳಗಾದರೆ ಏನರ್ಥ ಎಂದು ನನಗೆ ತಿಳಿಯದೇ? ವಸಂತದಿಂದ ತಿಳಿದಿತ್ತು. ತಿಳಿದೂ ಅಲ್ಲೇ ಕೂತೆ. ಬೇರೆ ಯಾರ ಹತ್ತಿರವಾದರೂ ಹೋಗಿ, ನನ್ನ ಗಂಡ ಪ್ರೀತಿಯಿಂದ ಕೊಟ್ಟದ್ದು ನನ್ನನ್ನು ತಿನ್ನುತ್ತಿದೆ ಎಂದು ಹೇಗೆ ಹೇಳಲಿ? ಗಂಡಸರ ಕೈ ನೋಡಲು ಡಾಕ್ಟರು ಇದ್ದರು, ಗೆರೆ ಎಳೆದ ಹಾಳೆ ಇತ್ತು, ಮೂರು ತಿಂಗಳ ಕಾಡು ಇತ್ತು. ನಾವು ಮನೆಯಲ್ಲಿದ್ದವರು. ಮನೆಯಲ್ಲಿದ್ದವರ ಕೈಯನ್ನು ಯಾರೂ ಕೇಳಲಿಲ್ಲ, ನಾವೂ ತೋರಿಸಲಿಲ್ಲ.

ಇದೆಲ್ಲ ಇರಲಿ. ನನ್ನ ಎದೆ ಹಿಂಡುತ್ತಿರುವುದು ಬೇರೆ. ನಿನ್ನನ್ನು ಗಣಿಯಿಂದ ದೂರ ಇಡಬೇಕೆಂದು ಆರು ವರ್ಷದವಳನ್ನು ಆ ದಿಂಬಿನ ಮುಂದೆ ಕೂರಿಸಿದವಳು ನಾನು. ಎಂಟು ವರ್ಷ, ದಿನಕ್ಕೆ ಎರಡು ಗಂಟೆ. ಎದ್ದು ಓಡಲು ಹೋದಾಗ ಭುಜ ಒತ್ತಿ ಕೂರಿಸಿದ್ದೆ. ನೂಲು ಯಾರನ್ನೂ ಕೊಂದಿಲ್ಲ ಎಂದು ನಿನಗೆ ಬರೆದೆ. ಬ್ರಿನಾ, ನಿನ್ನ ಕೈ ಹೇಗಿದೆ? ಮುಂಚೆ ಒಂದು ಸಲ ಲೋಟ ಹಿಡಿಯಲು ಆಗಲಿಲ್ಲ ಎಂದು ಬರೆದಿದ್ದೆ. ಅದು ಹೆದರಿಕೆಯಿಂದಲೇ, ನಿಜ ಹೇಳು. ಪರೀಕ್ಷೆ ಮಾಡಿಸು. ಮಾಡಿಸಿ ನನಗೆ ಬರೆ. ಕೆಟ್ಟದ್ದಿದ್ದರೂ ಬರೆ. ಅಲ್ಲಿಯವರೆಗೆ ನನಗೆ ಅನ್ನ ಇಳಿಯುವುದಿಲ್ಲ, ನಿದ್ದೆ ಹತ್ತುವುದಿಲ್ಲ.

ಅಮ್ಮ

(ಮಾತು ಕೊಟ್ಟಿದ್ದೆ, ಆದರೂ ಒಂದು ಸಾಲು. ನಿಜವಾಗಿಯೂ ಏನೂ ತಿನ್ನುತ್ತಿಲ್ಲ. ಬೇಗ ಬರೆ.)


೩ ಡಿಸೆಂಬರ್
ಕೋಣೆ ಹದಿನಾಲ್ಕು

ಅಮ್ಮಾ,

ಮೊದಲು ಮುಖ್ಯವಾದದ್ದು. ನನ್ನ ರಕ್ತ, ಮೂತ್ರ ಎರಡೂ ಶುದ್ಧ. ಎರಡು ಕಡೆ ಮಾಡಿಸಿದೆ, ಒಂದೇ ಕಡೆಯಾದರೆ ನೀನು ನಂಬುವುದಿಲ್ಲ ಎಂದು. ನಾನು ಅಲ್ಲಿ ಕೂತಾಗ ಬಾಟಲಿ ಗಟ್ಟಿಯಾಗಿತ್ತು. ಸೀಳಿದ್ದು ನೀನು ಜಾರಿದ ಮೇಲೆ. ಲೋಟ ಅಲುಗಿದ್ದು ಹೆದರಿಕೆಯಿಂದಲೇ. ಈಗ ಊಟ ಮಾಡು.

ನಿನ್ನ ಫಲಿತಾಂಶ ಚೆನ್ನಾಗಿಲ್ಲ, ಡಾಕ್ಟರು ನಿನಗೂ ಹೇಳಿರುತ್ತಾರೆ. ಆದರೆ ಆ ಗಾಳಿಯಿಂದ ದೂರವಿದ್ದರೆ ಮೈ ತಾನಾಗಿಯೇ ಹೊರಗೆ ಹಾಕುತ್ತದೆಯಂತೆ, ನಿಧಾನವಾಗಿ. ಕೈ ಪೂರ್ತಿ ಮೊದಲಿನ ಹಾಗಾಗುತ್ತದೆ ಎಂದು ಅವರು ಮಾತು ಕೊಡಲಿಲ್ಲ. ನಾನೂ ಕೊಡುವುದಿಲ್ಲ. ಇನ್ನೆರಡು ವರ್ಷ ನೀನು ಅಲ್ಲೇ ಕೂತಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

ಮನೆ ಶುಚಿ ಮಾಡಿಸುವ ಅಧಿಕಾರಿಗಳು ನೆಲ ಕಿತ್ತು ಹೊಸದು ಹಾಕಿಸುತ್ತಾರೆ. ಬಾಟಲಿ ಎಲ್ಲಿಂದ ಬಂತು ಎಂದು ಕೇಳಿದರು. ಹಳೆಯ ಮನೆ, ಹಳೆಯ ಸಾಮಾನು ಎಂದೆ. ಅಪ್ಪನ ಹೆಸರು ಯಾವ ಹಾಳೆಯಲ್ಲೂ ಇಲ್ಲ. ಕರವಸ್ತ್ರವನ್ನು ಉಳಿಸಿಕೊಳ್ಳಲು ಆಗಲಿಲ್ಲ, ಕ್ಷಮಿಸು.

ನಾಳೆ ಗಣಿಯವರನ್ನು ಕಾಯುವ ಸಂತ ಬಾರ್ಬರಾಳ ಹಬ್ಬ. ಗಣಿಯವರೆಲ್ಲ ಕಪ್ಪು ಸಮವಸ್ತ್ರ, ಗರಿಯ ಟೋಪಿ ಹಾಕಿಕೊಂಡು ಮೆರವಣಿಗೆ ಹೋಗುತ್ತೇವೆ. ನನ್ನ ಅಳತೆಯ ಸಮವಸ್ತ್ರ ಇರಲಿಲ್ಲ. ಲೋಯ್ಜ್ ತನ್ನ ಹಳೆಯದನ್ನು ಹೆಂಡತಿಯಿಂದ ಹೊಲಿಗೆ ಹಿಡಿಸಿ ತಂದುಕೊಟ್ಟ. "ಭುಜ ಇನ್ನೂ ದೊಡ್ಡದೇ ಇದೆ, ನೀನೇ ಬೆಳ್ಕೊಂಡು ತುಂಬು" ಅಂದ.

ಜನವರಿ ಹದಿನಾಲ್ಕರಿಂದ ನನ್ನನ್ನು ಎಲ್ಲಕ್ಕಿಂತ ಆಳದ ದಾರಿಗೆ ಹಾಕಿದ್ದಾರೆ. ಅಲ್ಲಿನ ಗಾಳಿ ಪೂರ್ತಿ ನನ್ನ ಹೊಣೆ. ಈಗಲೂ ಹೆದರಿಕೆಯಾಗುತ್ತದೆ. ಆದರೆ ನಿನ್ನ ಕುರ್ಚಿಯ ಪಕ್ಕ ನಿಂತಾಗ ಆದಷ್ಟು ಅಲ್ಲ. ಕೆಳಗೆ ಕನಿಷ್ಠ ಗಾಳಿ ಅಳೆಯಲು ಕೈಯಲ್ಲೊಂದು ಯಂತ್ರವಿದೆ.

ಆ ಪದವನ್ನು ಇನ್ನು ಕೇಳುವುದಿಲ್ಲ. ಕೇಳಿ ನಿನ್ನನ್ನು ಎಷ್ಟು ನೋಯಿಸಿದೆ ಎಂದು ಗೊತ್ತಿರಲಿಲ್ಲ.

ನಿನ್ನ ಬ್ರಿನಾ


೬ ಜನವರಿ ೨೦೧೯
ಸಿಲ್ಕಾಳ ಮನೆ

ಬ್ರಿನಾ,

ಇದನ್ನು ನಾನೇ ಬರೆಯುತ್ತಿದ್ದೇನೆ, ನೀನು ಕಳಿಸಿದ ಪೆನ್ನಿನಿಂದ. ಸಿಲ್ಕಾ ಸಹಾಯಕ್ಕೆ ಬಂದಳು. "ಹೋಗೇ, ನಿನ್ ಕಂಬಳಿ ನೋಡ್ಕೋ" ಎಂದು ಕಳಿಸಿದೆ. ಊಟದ ಪಾತ್ರೆ ತೊಳೆದ ಮೇಲೆ ಕೂತವಳು, ಈಗ ದೀಪ ಹಾಕುವ ಹೊತ್ತು. ಆದ್ದರಿಂದ ಕಡಿಮೆ ಬರೆಯುತ್ತೇನೆ.

ದಿಂಬಿಗಾಗಿ ಅತ್ತೆ. ಬೈಯಬೇಡ. ವಿಷ ಎಂದು ಗೊತ್ತಿದ್ದೂ ಅತ್ತೆ. ಶಾಲೆಯವರು ಹೊಸದನ್ನು ಕೊಟ್ಟಿದ್ದಾರೆ, ಹಗುರವಾದದ್ದು. ಉರುಳುತ್ತದೆ. ನೂಲು ಸಿಕ್ಕಾಗುತ್ತದೆ. ಬಿಡಿಸುತ್ತೇನೆ, ಮತ್ತೆ ಸಿಕ್ಕಾಗುತ್ತದೆ.

ಮೊನ್ನೆ ಡಾಕ್ಟರು ಗೆರೆ ಎಳೆದ ಹಾಳೆ ಕೊಟ್ಟು ಹೆಸರು ಬರೆಯಿರಿ ಎಂದರು. ನನಗೆ ಅರವತ್ತು ವರ್ಷವಾಯಿತು, ನನ್ನನ್ನು ಅದು ಕೇಳಿದವರು ಅವರೇ ಮೊದಲು. ಮಣಿಕಟ್ಟು ಹಿಡಿಯಲು ಯಾರೂ ಇರಲಿಲ್ಲ. ಬರೆದೆ. ಬಾಲ ಗೆರೆ ದಾಟಿತು, ಆದರೆ ನವೆಂಬರಿನಲ್ಲಿ ಹಾಕಿದ್ದ ರುಜುವಿನಷ್ಟು ನಡುಗಿಲ್ಲ ಎಂದರು.

ಇಲ್ಲಿ ನಾನೂ ಒಂದು ಗೆರೆ ಎಳೆದಿದ್ದೇನೆ. ಅಡಿಗೋಲು ಜಾರಿ ಸೊಟ್ಟಗಾಗಿದೆ. ಅದರ ಮೇಲೆ ಬರೆಯುವುದು ನನ್ನ ಹೆಸರಲ್ಲ. ಎಷ್ಟು ದಾಟಿದೆ ಎಂದು ನೀನು ಅಳೆದು ನೋಡು. ನಾನು ಇನ್ನೂ ಒಪ್ಪಿಲ್ಲ. 

ಗೆರೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಕತ್ತರಿಸಿ ಮಡಿಸಿದರೆ ಜೇಬಿಗೆ ಹಿಡಿಯುತ್ತದೆ.

ಸ್ರೆಚ್ನೋ.

ಅಮ್ಮ